ತಪ್ಪು ಮಕ್ಕಳ ಕೈಯದ್ದಲ್ಲ, ಚಾರ್ಜರ್ ತೂತಿನದ್ದು

ಮೊನ್ನೆ ನಮ್ಮ ಶಾಲೆಯ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಟ್ಯಾಬ್ ಖರೀದಿಯ ಮಾತು ಬಂತು. ಹಳೆ ವಿದ್ಯಾರ್ಥಿಗಳು ಸ್ವಲ್ಪ ದುಡ್ಡು ಕೂಡಿಸಿದ್ದಾರೆ, ಆರು ಟ್ಯಾಬ್ ಬರಬಹುದು, ಯಾವುದು ತರುವುದು ಅಂತ. ಮೆಮೊರಿ ಎಷ್ಟು, ಬ್ಯಾಟರಿ ಎಷ್ಟು, ಕ್ಯಾಮರಾ ಎಷ್ಟು ಅಂತೆಲ್ಲ ಜೋರು ಚರ್ಚೆ. ನಾನು ಮೆಲ್ಲಗೆ "ಚಾರ್ಜರ್ ಸಿಕ್ಕಿಸುವ ತೂತು ಯಾವ ಬದಿಯಲ್ಲಿದೆ?" ಅಂತ ಕೇಳಿದೆ. ಎಲ್ಲರೂ ನಕ್ಕರು. ನಾನು ತಮಾಷೆ ಮಾಡಿದ್ದಲ್ಲ ಅಂತ ಗೊತ್ತಾದ ಮೇಲೆ ಹಿರಿಯ ಮಿತ್ರರೊಬ್ಬರು, "ಮಾಷ್ಟ್ರೆ, ತೂತು ಎಲ್ಲಿದ್ದರೇನು? ಮಕ್ಕಳ ಕೈಗೆ ಕೊಟ್ಟರೆ ಹೇಗೂ ಹಾಳೇ. ಈಗಿನ ಮಕ್ಕಳಿಗೆ ಜಾಗ್ರತೆ ಅನ್ನುವುದೇ ಇಲ್ಲ" ಅಂದರು. ಸಭೆ ತಲೆಯಾಡಿಸಿತು.

ಆಗ ನನ್ನ ಬಾಯಿಗೆ ಬಂದ ಉತ್ತರ ಸಭೆಯಲ್ಲಿ ಹೇಳುವಂಥದ್ದಾಗಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಆ ಹಿರಿಯರೂ ಇದನ್ನು ಓದುತ್ತಾರೆ ಅಂತ ಗೊತ್ತು. ಓದಲಿ.

2020ರ ಜೂನ್ 1ಕ್ಕೆ ಕೇರಳದಲ್ಲಿ ವಿಕ್ಟರ್ಸ್ ಚಾನೆಲ್‌ನ 'ಫಸ್ಟ್ ಬೆಲ್' ಪಾಠ ಶುರುವಾದದ್ದು ನಿಮಗೆಲ್ಲ ನೆನಪಿರಬಹುದು. ಕನ್ನಡ ಮಾಧ್ಯಮದ ಪಾಠಗಳೂ ತಯಾರಾದವು. ನಮ್ಮ ಬಹಳಷ್ಟು ಮಕ್ಕಳು ಅವನ್ನು ನೋಡಿದ್ದು ಯೂಟ್ಯೂಬಿನಲ್ಲಿ, ಅಂದರೆ ಅಪ್ಪನ ಮೊಬೈಲಿನಲ್ಲಿ. ಮನೆಯಲ್ಲಿ ಒಂದು ಫೋನು, ಓದುವವರು ಮೂವರು. ಅಪ್ಪ ಕೆಲಸದಿಂದ ಬರುವಾಗ ಅದರ ಬ್ಯಾಟರಿ ಪ್ರಾಣ ಬಿಡುವ ಸ್ಥಿತಿ. ಹೊರಗೆ ಮಳೆ, ಕರೆಂಟು ಬಂದರೆ ಬಂತು. ಹಾಗಾಗಿ ಪಾಠ ಕೇಳುವುದೂ ಚಾರ್ಜ್ ಮಾಡುವುದೂ ಒಟ್ಟಿಗೇ ಆಗಬೇಕು, ಬೇರೆ ದಾರಿ ಇಲ್ಲ. ನೋಟ್ಸ್ ಬರೆಯಲು ಎರಡು ಕೈಯೂ ಬೇಕಲ್ಲ, ಅದಕ್ಕೆ ಫೋನನ್ನು ಎಲ್ಲಿಗಾದರೂ ಒರಗಿಸಿ ನಿಲ್ಲಿಸಬೇಕು. ಅಕ್ಕಿ ಅಳೆಯುವ ಸೇರಿಗೆ, ಹಿತ್ತಾಳೆ ಚೆಂಬಿಗೆ, ಅಜ್ಜನ ಎಲೆಯಡಿಕೆ ಪೆಟ್ಟಿಗೆಗೆ.

ಈಗ ನಿಮ್ಮ ಕೈಯಲ್ಲಿರುವ ಫೋನನ್ನೇ ಸೇರಿಗೆ ಒರಗಿಸಿ ನೋಡಿ. ನೆಟ್ಟಗೆ ನಿಲ್ಲಿಸಿದರೆ ಚಾರ್ಜರ್ ತೂತು ಸರಿಯಾಗಿ ಬುಡದಲ್ಲಿ, ನೆಲಕ್ಕೆ ತಾಗುವ ಜಾಗದಲ್ಲಿ. ವಯರು ಸಿಕ್ಕಿಸಿದರೆ ಫೋನು ಒಂಟಿ ಕಾಲಿನ ಕೊಕ್ಕರೆ. ಅದರ ಇಡೀ ಭಾರ ಆ ಸಣ್ಣ ಪಿನ್ನಿನ ಮೇಲೆ. ಅಡ್ಡಕ್ಕೆ ಮಲಗಿಸಿ ನಿಲ್ಲಿಸಿದಿರೋ, ತೂತು ಬದಿಗೆ ಬರುತ್ತದೆ, ಅದೇನೋ ಒಳ್ಳೆಯದೇ. ಆದರೆ ಈಗ ಅಂಚಿನಲ್ಲಿರುವ ವಾಲ್ಯೂಮ್ ಬಟನ್ನು, ಪವರ್ ಬಟನ್ನು ಬುಡಕ್ಕೆ ಬಂದವು. ಫೋನು ತನ್ನ ಭಾರಕ್ಕೆ ತಾನೇ ಬಟನ್ ಒತ್ತಿಕೊಳ್ಳುತ್ತದೆ. ಪಾಠ ಮಾಡುವವರ ಧ್ವನಿ ತನ್ನಿಂತಾನೇ ಇಳಿಯುತ್ತಾ ಹೋಗಿ ಕೊನೆಗೆ ಮೌನ. ತಲೆಕೆಳಗು ಮಾಡಿ ಇಟ್ಟರೆ ಆಗುವುದಿಲ್ಲವೇ ಅಂತ ಕೇಳಬಹುದು. ಕೆಲವು ಫೋನಿನಲ್ಲಿ ಆಗುತ್ತದೆ, ಕೆಲವರು ಎರಡೂ ಅಂಚಿಗೆ ಒಂದೊಂದು ಬಟನ್ ಇಟ್ಟು ಆ ದಾರಿಯನ್ನೂ ಮುಚ್ಚಿದ್ದಾರೆ.

ಏಳನೇ ತರಗತಿಯ ಹುಡುಗಿಯೊಬ್ಬಳ ಕತೆ ಹೇಳಬೇಕು. ಹೆಸರು ಬೇಡ. ಕ್ಲಾಸಿನಲ್ಲಿ ಮೊದಲ ಬೆಂಚಿನವಳು. 2021ರ ಮಳೆಗಾಲದಲ್ಲಿ ಒಂದು ದಿನ ಆನ್‌ಲೈನ್ ಕ್ಲಾಸಿನ ನಡುವೆ ಮಾಯವಾದಳು. ಮರುದಿನವೂ ಇಲ್ಲ. ಒಂದು ವಾರ ಆಯಿತು. ನಾನು ಮಾಡಿದ ತಪ್ಪನ್ನು ಒಪ್ಪಿಕೊಳ್ಳುತ್ತೇನೆ, ಅವಳಿಗೂ ಉದಾಸೀನ ಬಂತು ಅಂತ ಅಂದುಕೊಂಡೆ. ಆಮೇಲೆ ಮನೆಗೆ ಹೋದಾಗ ಗೊತ್ತಾದದ್ದು ಇಷ್ಟು: ಚಾರ್ಜಿಗಿಟ್ಟು ಪಾಠ ಕೇಳುವಾಗ ಫೋನು ವಯರಿನ ಮೇಲೆಯೇ ಮಗುಚಿ ಬಿದ್ದಿದೆ. ಸ್ಕ್ರೀನಿಗೆ ಏನೂ ಆಗಿಲ್ಲ. ಒಳಗೆ ತೂತಿನ ನಾಲಗೆ ಮುರಿದಿದೆ. ಬದಿಯಡ್ಕ ಪೇಟೆಯಲ್ಲಿ ರಿಪೇರಿಗೆ ಕೊಟ್ಟರೆ ಲಾಕ್‌ಡೌನ್, ಸಾಮಾನು ಬರಬೇಕು, ಅಂತ ಹನ್ನೊಂದು ದಿನ. 400 ರೂಪಾಯಿ. ಅಪ್ಪನಿಗೆ ಕೆಲಸವಿಲ್ಲದ ಆ ಸಮಯದಲ್ಲಿ 400 ರೂಪಾಯಿ ಅಂದರೆ ಏನು ಅಂತ ನಿಮಗೆ ವಿವರಿಸಬೇಕಾಗಿಲ್ಲ. ಬೈಗುಳ ಬೇರೆ. "ಜಾಗ್ರತೆ ಇಲ್ಲ" ಅನ್ನುವ ಆ ಮಾತನ್ನು ಅವಳು ಮನೆಯಲ್ಲೂ ಕೇಳಿದ್ದಳು. ನಾನು ಹೋದಾಗ ಬಾಗಿಲ ಸಂದಿಯಿಂದ ನೋಡಿದಳೇ ಹೊರತು ಜಗಲಿಗೆ ಬರಲಿಲ್ಲ.

ಇದರಲ್ಲಿ ಅವಳ ತಪ್ಪು ಏನು, ಹೇಳಿ? ಸನ್ನೆಗೋಲಿನ ಪಾಠ ಮಾಡುವವರು ನಾವೇ. ಉದ್ದ ಕೋಲಿನ ಒಂದು ತುದಿಯಲ್ಲಿ ಸ್ವಲ್ಪ ಒತ್ತಿದರೆ ಇನ್ನೊಂದು ತುದಿಯಲ್ಲಿ ಬಂಡೆಯೇ ಏಳುತ್ತದೆ. ಇಲ್ಲಿ ಫೋನೇ ಆ ಉದ್ದ ಕೋಲು, ತೂತಿನ ಒಳಗಿನ ನಾಲಗೆಯೇ ಬಂಡೆ. ಫೋನು ಉದ್ದವಾದಷ್ಟೂ ಏಟು ಜೋರು. ವರ್ಷದಿಂದ ವರ್ಷಕ್ಕೆ ಫೋನು ಉದ್ದವಾಗುತ್ತಾ ಹೋಯಿತು, ತೂತು ಅಲ್ಲೇ ಉಳಿಯಿತು. 2014ರಲ್ಲಿ ಟೈಪ್-ಸಿ ಬಂದ ಮೇಲೆ ಪಿನ್ನನ್ನು ಹೇಗೆ ತಿರುಗಿಸಿ ಹಾಕಿದರೂ ಹೋಗುತ್ತದೆ, ಅದೊಂದು ಉಪಕಾರ, ಒಪ್ಪುತ್ತೇನೆ. ಹಳೆಯ ಮೈಕ್ರೋ ಯುಎಸ್‌ಬಿಯನ್ನು ಕತ್ತಲೆಯಲ್ಲಿ ಉಲ್ಟಾ ತುರುಕಿ ಎಷ್ಟು ಮನೆಯಲ್ಲಿ ಎಷ್ಟು ಫೋನು ಹೋಯಿತೋ ಲೆಕ್ಕವಿಲ್ಲ. ಆದರೆ ಟೈಪ್-ಸಿಯಲ್ಲೂ ನಾಲಗೆ ಇರುವುದು ಫೋನಿನ ಒಳಗೆ. ಮುರಿದರೆ ಮುರಿಯುವುದು ವಯರಲ್ಲ, ಫೋನು.

ಕಂಪೆನಿಗಳ ಪರವಾಗಿಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ನ್ಯಾಯವಲ್ಲ. ಆ ರಿಪೇರಿ ಅಂಗಡಿಯ ಹುಡುಗ ಫೋನು ಬಿಚ್ಚಿ ನನಗೆ ತೋರಿಸಿದ. ನಡುವೆ ಇಡೀ ಬ್ಯಾಟರಿ. ಮೇಲೆ ಮುಖ್ಯ ಬೋರ್ಡು. ಬುಡದಲ್ಲಿ ಬೆರಳಗಲದ ಇನ್ನೊಂದು ಬೋರ್ಡು, ಅದರಲ್ಲಿ ಚಾರ್ಜರ್ ತೂತು, ಮೈಕು, ಪಕ್ಕದಲ್ಲಿ ಸ್ಪೀಕರು. ಎರಡು ಬೋರ್ಡಿನ ನಡುವೆ ಕಾಗದದಷ್ಟು ತೆಳು ಪಟ್ಟಿ. ತೂತು ಹೋದರೆ ಆ ಸಣ್ಣ ಬೋರ್ಡು ಮಾತ್ರ ಬದಲಿಸಿದರೆ ಸಾಕು. "ಬದಿಯಲ್ಲಿ ಇಡಬೇಕಾದರೆ ಬ್ಯಾಟರಿ ಕಡಿಮೆ ಮಾಡಬೇಕು ಸಾರ್" ಅಂದ ಅವನು. ಕಾರಣ ಇಲ್ಲದೆ ಬುಡದಲ್ಲಿ ಇಟ್ಟದ್ದಲ್ಲ.

ಸರಿ. ಹಾಗಾದರೆ ಮುಂದಿನದನ್ನು ಕೇಳಿ.

2018ರಲ್ಲಿ ಅಸೂಸ್ ಕಂಪೆನಿ ರಾಗ್ ಫೋನ್ ಅಂತ ಒಂದನ್ನು ತಂದಿತು. ಮೊಬೈಲಿನಲ್ಲಿ ಗೇಮ್ ಆಡುವವರಿಗಾಗಿಯೇ ಮಾಡಿದ್ದು. ಅದರಲ್ಲಿ ಬುಡದಲ್ಲೊಂದು ತೂತು, ಉದ್ದದ ಬದಿಯಲ್ಲಿ ಇನ್ನೊಂದು. ಯಾಕೆ? ಫೋನನ್ನು ಅಡ್ಡ ಹಿಡಿದು ಆಡುವಾಗ ಚಾರ್ಜರ್ ವಯರು ಅಂಗೈಗೆ ಅಡ್ಡ ಬರಬಾರದು ಅಂತ! ಬ್ಯಾಟರಿಗೆ ಜಾಗ ಸಾಲದೆ ಹೋಗಲಿಲ್ಲ, ಆಕಾಶ ಕಳಚಿ ಬೀಳಲಿಲ್ಲ. ಜಪಾನಿನ ನಿಂಟೆಂಡೊ 2017ರಲ್ಲಿ ಸ್ವಿಚ್ ಅಂತ ಆಟದ ಯಂತ್ರ ತಂದಿತು. ಹಿಂದೆ ಕಾಲು ಕೊಟ್ಟು ಮೇಜಿನ ಮೇಲೆ ನಿಲ್ಲಿಸಬಹುದು, ಆದರೆ ಚಾರ್ಜರ್ ತೂತು ಬುಡದಲ್ಲಿ. ನಿಲ್ಲಿಸಿದರೆ ಚಾರ್ಜ್ ಮಾಡುವ ಹಾಗಿಲ್ಲ. ನಮ್ಮ ಹುಡುಗಿಯ ಸಮಸ್ಯೆಯೇ, ಒಂದು ಕೂದಲೂ ವ್ಯತ್ಯಾಸವಿಲ್ಲ. ಆಡುವವರು ಗೊಣಗಿದರು. ಕಂಪೆನಿ 2018ರಲ್ಲಿ ಚಾರ್ಜ್ ಮಾಡುವ ಸ್ಟ್ಯಾಂಡನ್ನೇ ಬೇರೆ ಮಾರಿತು, 2025ರ ಜೂನಿನಲ್ಲಿ ಬಂದ ಸ್ವಿಚ್ 2ರಲ್ಲಿ ಮೇಲ್ಗಡೆಗೆ ಇನ್ನೊಂದು ತೂತನ್ನೇ ಕೊಟ್ಟಿತು.

ಆಟ ಆಡುವವರಿಗೆ ಆಗುತ್ತದೆ, ಪಾಠ ಕೇಳುವವರಿಗೆ ಆಗುವುದಿಲ್ಲ. ನನ್ನ ಸಿಟ್ಟು ಇಷ್ಟಕ್ಕೇ. ಜಾಗ ಇಲ್ಲ, ಬೋರ್ಡು ಇಲ್ಲ ಅನ್ನುವುದೆಲ್ಲ ದುಡ್ಡಿರುವವನು ಗೊಣಗುವವರೆಗೆ ಮಾತ್ರ. ಅಗ್ಗದ ಫೋನು ಕೊಂಡವನು ಗೊಣಗಿದರೆ ಅದು ಬಳಕೆದಾರನ ಅಜಾಗ್ರತೆ.

ತಪ್ಪನ್ನು ಕೈಯ ಮೇಲೆ ಹಾಕುವ ಈ ಚಾಳಿ ನಮ್ಮೂರಿನ ಸಭೆಯದ್ದು ಮಾತ್ರ ಅಲ್ಲ. 2010ರಲ್ಲಿ ಆಪಲ್ ಐಫೋನ್ 4 ತಂದಾಗ ಅದರ ಆಂಟೆನಾ ಹೊರ ಅಂಚಿನಲ್ಲೇ ಇತ್ತು. ಎಡಗೈಯಲ್ಲಿ ಸಹಜವಾಗಿ ಹಿಡಿದರೆ ಅಂಗೈ ಅದರ ಸಂದಿಗೆ ತಾಗಿ ಸಿಗ್ನಲ್ ಬೀಳುತ್ತಿತ್ತು. ದೂರಿದವರಿಗೆ ಮೊದಲು ಸಿಕ್ಕ ಉತ್ತರದ ಸಾರಾಂಶ, ಹಾಗೆ ಹಿಡಿಯಬೇಡಿ ಅಂತ! ಕೊನೆಗೆ ಗಲಾಟೆ ಜೋರಾಗಿ, ಅಂಚಿಗೆ ಹಾಕುವ ಕವಚವನ್ನು ಪುಕ್ಕಟೆ ಹಂಚಬೇಕಾಯಿತು. ಅವರು ದೊಡ್ಡ ದೇಶದ ಗಿರಾಕಿಗಳು, ಅವರ ಗೊಣಗಾಟಕ್ಕೆ ಬೆಲೆ ಇತ್ತು.

ಅಂಚು ಅಂದಾಗ ನಮಗೆ ಗಡಿಯವರಿಗೆ ಒಂದು ನಗು ಬರುತ್ತದೆ. ನಡುವಿನಲ್ಲಿರುವುದಕ್ಕೆ ಎಲ್ಲರ ಲಕ್ಷ್ಯ, ಸ್ಕ್ರೀನು ಎಷ್ಟು ಇಂಚು, ಎಷ್ಟು ಬಣ್ಣ. ಅಂಚಿನಲ್ಲಿ ಇರುವುದನ್ನು ಎಲ್ಲ ಮುಗಿದ ಮೇಲೆ ಜಾಗ ಇದ್ದಲ್ಲಿ ತುರುಕುವುದು. ಇರಲಿ, ಆ ವಿಷಯ ಇನ್ನೊಂದು ದಿನಕ್ಕೆ.

ನಾನೂ ಸಾಚಾ ಅಲ್ಲ ಅಂತ ಹೇಳಿದೆನಲ್ಲ, ಇನ್ನೊಂದು ಕೇಳಿ. ಅದೇ ವರ್ಷ ಒಬ್ಬ ಹುಡುಗ ಟ್ಯಾಬಿನಿಂದ ಕ್ಲಾಸಿಗೆ ಬರುತ್ತಿದ್ದ. ನಾನು ಯಾವಾಗ ನೋಡಿದರೂ ಅವನ ಮುಖ ಬಲಕ್ಕೆ ತಿರುಗಿರುತ್ತಿತ್ತು. "ಎಲ್ಲಿ ನೋಡ್ತಾ ಇದ್ದೀಯಾ? ಟೀವಿಯಾ?" ಅಂತ ಎಲ್ಲರ ಎದುರು ಗದರಿಸಿದೆ. ಪಾಪ, ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಟ್ಯಾಬನ್ನು ಅಡ್ಡಕ್ಕೆ ನಿಲ್ಲಿಸಿದ್ದ, ಕ್ಯಾಮರಾ ಇದ್ದದ್ದು ಗಿಡ್ಡ ಬದಿಯಲ್ಲಿ. ಅಡ್ಡ ಇಟ್ಟಾಗ ಅದು ಪಕ್ಕಕ್ಕೆ ಬಂದು, ನೇರ ನೋಡುವ ಮಗು ಕಳ್ಳನ ಹಾಗೆ ಕಾಣುತ್ತದೆ. ಟ್ಯಾಬನ್ನು ವೀಡಿಯೊ ಕ್ಲಾಸಿಗೆ ಎಲ್ಲರೂ ಅಡ್ಡವೇ ಇಡುವುದು, ಇದು ಕಂಡುಹಿಡಿಯಲು ಸಂಶೋಧನೆ ಬೇಕೇ? ಆಪಲ್‌ನಂಥ ಆಪಲ್ ಮುಂದಿನ ಕ್ಯಾಮರಾವನ್ನು ಉದ್ದದ ಬದಿಗೆ ತಂದದ್ದು 2022ರ ಅಕ್ಟೋಬರಿನ ಹತ್ತನೇ ತಲೆಮಾರಿನ ಐಪ್ಯಾಡಿನಲ್ಲಿ. ಅಷ್ಟು ಹೊತ್ತಿಗೆ ನಮ್ಮ ಶಾಲೆಗಳು ಬಾಗಿಲು ತೆರೆದು, ಮಕ್ಕಳು ಬೆಂಚಿನಲ್ಲಿ ಕೂತು ಆಗಿತ್ತು. ಆ ಹುಡುಗನ ಹತ್ತಿರ ಕ್ಷಮೆ ಕೇಳಿದ್ದೇನೆ. ಅವನಿಗೆ ಮರೆತೇಹೋಗಿತ್ತು, ಅಥವಾ ಹಾಗೆ ಹೇಳಿದ.

ಇನ್ನು ಪವರ್ ಬಟನ್ನಿನ ಪುರಾಣ. ನಮ್ಮ ಕಡೆ ಏಕೋಪಾಧ್ಯಾಯ ಶಾಲೆಗಳಿದ್ದವು, ಒಬ್ಬರೇ ಮಾಷ್ಟ್ರು, ನಾಲ್ಕೂ ಕ್ಲಾಸು, ಗಂಟೆ ಹೊಡೆಯುವುದೂ ಅವರೇ, ಗಂಜಿ ಬೇಯಿಸುವುದರ ಉಸ್ತುವಾರಿಯೂ ಅವರೇ. ಪವರ್ ಬಟನ್ನಿನ ಗತಿ ಈಗ ಅದು. ಒಮ್ಮೆ ಒತ್ತಿದರೆ ಸ್ಕ್ರೀನ್ ಆಫ್. ಎರಡು ಸಲ ಒತ್ತಿದರೆ ಕ್ಯಾಮರಾ. ಹಿಡಿದುಕೊಂಡರೆ ಫೋನು ಬಂದ್, ಕೆಲವದರಲ್ಲಿ ಬಂದ್ ಆಗುವ ಬದಲು ಒಬ್ಬಳು ಮಾತಾಡಲು ಶುರು ಮಾಡುತ್ತಾಳೆ. ವಾಲ್ಯೂಮ್ ಜೊತೆ ಒತ್ತಿದರೆ ಸ್ಕ್ರೀನ್‌ಶಾಟ್. ಐದು ಸಲ ಒತ್ತಿದರೆ ಪೊಲೀಸಿಗೆ ಕರೆ! ಆಂಡ್ರಾಯ್ಡಿನ ಈ ಐದು ಸಲದ ಏರ್ಪಾಡಿನಿಂದ 2023ರಲ್ಲಿ ಬ್ರಿಟನ್ನಿನಲ್ಲಿ ತುರ್ತು ನಂಬರಿಗೆ ಗೊತ್ತಿಲ್ಲದೇ ಹೋಗುವ ಕರೆಗಳು ಹೆಚ್ಚಾಗಿ, ಅಲ್ಲಿನ ಪೊಲೀಸರೇ ಜನರನ್ನು ಎಚ್ಚರಿಸಬೇಕಾಯಿತು. ಇಷ್ಟೆಲ್ಲ ಕೆಲಸ ಹೊತ್ತ ಬಟನ್ನನ್ನು ಇಟ್ಟದ್ದು ಎಲ್ಲಿ? ಫೋನನ್ನು ಹಿಡಿಯುವಾಗ ಬೆರಳು ಎಲ್ಲಿ ಕೂರುತ್ತದೋ ಸರಿಯಾಗಿ ಅಲ್ಲೇ.

ಬೆರಳಷ್ಟೇ ಅಲ್ಲ, ಸ್ಟ್ಯಾಂಡಿನ ಚಿಮಟವೂ ಅಲ್ಲೇ ಕೂರುತ್ತದೆ. 2020ರಲ್ಲಿ ನಾನು ಲೋಪಸಂಧಿಯ ಪಾಠ ರೆಕಾರ್ಡ್ ಮಾಡಲು ಫೋನನ್ನು ಚಿಮಟಕ್ಕೆ ಸಿಕ್ಕಿಸಿ, ಇಸ್ತ್ರಿ ಅಂಗಿ ಹಾಕಿ, ನಲುವತ್ತು ನಿಮಿಷ ಗಂಟಲು ಹರಿದುಕೊಂಡೆ. ಮುಗಿಸಿ ನೋಡಿದರೆ ಮೂರನೇ ನಿಮಿಷಕ್ಕೇ ಚಿಮಟ ಸ್ವಲ್ಪ ಜಾರಿ ಪವರ್ ಬಟನ್ ಒತ್ತಿ ರೆಕಾರ್ಡಿಂಗ್ ನಿಂತಿತ್ತು. ಲೋಪಸಂಧಿಯೇ ಲೋಪವಾಯಿತು ಅಂತ ಮನೆಯವಳು ಈಗಲೂ ನೆಂಟರೆದುರು ಹೇಳುತ್ತಾಳೆ.

ಜಾಗದಲ್ಲಿ ಒಮ್ಮತವೂ ಇಲ್ಲ ಮಾರಾಯ್ರೆ. ಸ್ಯಾಮ್‌ಸಂಗಿನಲ್ಲಿ ವಾಲ್ಯೂಮ್ ಮೇಲೆ, ಪವರ್ ಕೆಳಗೆ. ಗೂಗಲ್ ಪಿಕ್ಸೆಲಿನಲ್ಲಿ ಪವರ್ ಮೇಲೆ, ವಾಲ್ಯೂಮ್ ಕೆಳಗೆ. ಐಫೋನಿನಲ್ಲಿ 2014ರವರೆಗೆ ಪವರ್ ನೆತ್ತಿಯ ಮೇಲಿತ್ತು, ಫೋನು ದೊಡ್ಡದಾಗಿ ಬೆರಳು ನಿಲುಕದೆ ಹೋದಾಗ ಬಲ ಬದಿಗೆ ಇಳಿಸಿದರು, ಅದೂ ಎಡ ಬದಿಯ ವಾಲ್ಯೂಮಿಗೆ ಎದುರುಬದುರಾಗಿ. ಒಂದನ್ನು ಒತ್ತಲು ಇನ್ನೊಂದರ ಮೇಲೆ ಹೆಬ್ಬೆರಳು ಊರಬೇಕು. ಎಲ್.ಜಿ. 2013ರಲ್ಲಿ ಎಲ್ಲ ಬಟನ್ನನ್ನೂ ಬೆನ್ನಿಗೇ ಹಾಕಿ ನೋಡಿತು. ಸ್ಯಾಮ್‌ಸಂಗ್ 2017ರ ಎಸ್8ರಲ್ಲಿ ಬೆರಳಚ್ಚಿನ ಜಾಗವನ್ನು ಕ್ಯಾಮರಾಕ್ಕೆ ಒತ್ತಿಕೊಂಡೇ ಇಟ್ಟು, ದಿನಕ್ಕೆ ಹತ್ತು ಸಲ ಕ್ಯಾಮರಾದ ಗಾಜು ಒರೆಸುವ ಕೆಲಸ ಕೊಟ್ಟಿತು. ಎಡಚ ಮಕ್ಕಳ ಗತಿಯಂತೂ ಕೇಳುವವರಿಲ್ಲ. ಹಿಂದೆ ನಾವು ಅವರ ಎಡಗೈಗೆ ಬೆತ್ತದಲ್ಲಿ ಹೊಡೆಯುತ್ತಿದ್ದೆವು. ಅದನ್ನು ಬಿಟ್ಟೆವು, ಫೋನಿನವರು ಮುಂದುವರಿಸಿದ್ದಾರೆ.

"ಸರಕಾರ ಬಟನ್ ಎಲ್ಲಿರಬೇಕು ಅಂತ ಕಾನೂನು ಮಾಡಲಿಕ್ಕೆ ಆಗುತ್ತದಾ?" ಅಂತ ಆ ಸಭೆಯಲ್ಲೇ ಇನ್ನೊಬ್ಬರು ಕೇಳಿದರು. ಆಗುತ್ತದೆ ಸ್ವಾಮಿ, ಅದರ ಹತ್ತಿರದ್ದನ್ನು ಮಾಡಿಯೂ ಆಗಿದೆ. 2016ರ ಏಪ್ರಿಲಿನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ನಿಯಮ ತಂದಿತು. 2017ರ ಜನವರಿ 1ರಿಂದ ಭಾರತದಲ್ಲಿ ಮಾರುವ ಪ್ರತಿ ಫೋನಿನಲ್ಲೂ ಅಪಾಯದ ಬಟನ್ ಇರಬೇಕು. ಸಾದಾ ಫೋನಿನಲ್ಲಿ 5 ಅಥವಾ 9ನ್ನು ಒತ್ತಿದರೆ, ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ನನ್ನು ಬೇಗ ಬೇಗ ಮೂರು ಸಲ ಒತ್ತಿದರೆ ತುರ್ತು ಕರೆ ಹೋಗಬೇಕು ಅಂತ. 5ನ್ನು ಆರಿಸಿದ್ದು ನನಗೆ ಬಹಳ ಇಷ್ಟ. ಹಳೆಯ ಫೋನಿದ್ದರೆ 5ರ ಮೇಲೆ ಬೆರಳಾಡಿಸಿ, ಸಣ್ಣ ಗುಬ್ಬಿ ಸಿಗುತ್ತದೆ. ಕಣ್ಣು ಕಾಣದವರಿಗೂ ಕತ್ತಲೆಯಲ್ಲಿ ಇರುವವರಿಗೂ ಅಲ್ಲಿಂದಲೇ ಬಾಕಿ ಎಲ್ಲ ನಂಬರಿನ ದಾರಿ. ಆ ಗುಬ್ಬಿ ಇಟ್ಟವರು ಕೈಯನ್ನು ನೋಡಿದ್ದರು.

ಹಾಗೆಯೇ 2003ರ ನೋಕಿಯಾ 1100. ನಮ್ಮಂಥ ದೇಶಗಳಿಗಾಗಿಯೇ ಮಾಡಿದ ಫೋನು. ಕೀಲಿಗಳ ಮೇಲೆ ಒಂದೇ ರಬ್ಬರಿನ ಹಾಳೆ, ಧೂಳು ಒಳಗೆ ಹೋಗದ ಹಾಗೆ. ನೆತ್ತಿಯಲ್ಲಿ ಟಾರ್ಚು, ಒಂದು ಕೀಲಿ ಹಿಡಿದುಕೊಂಡರೆ ಬೆಳಕು. ನಮ್ಮ ತಂದೆ ತೋಟಕ್ಕೆ ನೀರು ಬಿಡಲು ರಾತ್ರಿ ಹೋಗುವಾಗ ಒಂದು ಕೈಯಲ್ಲಿ ಹಾರೆ, ಇನ್ನೊಂದರಲ್ಲಿ ಅದು, ನೋಡದೆಯೇ ಹೆಬ್ಬೆರಳಲ್ಲಿ ಟಾರ್ಚು ಹಾಕುತ್ತಿದ್ದರು. ಈಗ ನಾನು ಟಾರ್ಚು ಹಾಕಬೇಕಾದರೆ ಸ್ಕ್ರೀನ್ ಎಳೆದು, ಚಿತ್ರ ಹುಡುಕಿ, ಕನ್ನಡಕ ಹಾಕಿ... ಅಷ್ಟರಲ್ಲಿ ಹಾವು ತನ್ನ ಮನೆ ಸೇರಿರುತ್ತದೆ.

ತೂತಿನ ಆಕಾರದ ವಿಷಯದಲ್ಲೂ ಕಾನೂನು ಕೆಲಸ ಮಾಡಿದೆ. ಯುರೋಪಿನ ಒಕ್ಕೂಟ ಕಡ್ಡಾಯ ಮಾಡಿದ್ದಕ್ಕೆ 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರಾಟಕ್ಕೆ ಬರುವ ಹೊಸ ಫೋನು, ಟ್ಯಾಬಿಗೆಲ್ಲ ಟೈಪ್-ಸಿ. ಆಪಲ್ 2023ರ ಐಫೋನ್ 15ರಲ್ಲೇ ತಲೆಬಾಗಿತು. ನಮ್ಮ ಭಾರತೀಯ ಮಾನಕ ಬ್ಯೂರೋ ಕೂಡ 2023ರ ಜನವರಿಯಲ್ಲಿ ಟೈಪ್-ಸಿಯ ಮಾನಕ ಪ್ರಕಟಿಸಿತು. ತೂತು ಹೇಗಿರಬೇಕು ಅಂತ ಎಲ್ಲರೂ ಹೇಳಿದರು. ಎಲ್ಲಿರಬೇಕು ಅಂತ ಯಾರೂ ಹೇಳಲಿಲ್ಲ. ಇಯರ್‌ಫೋನಿನ 3.5 ಮಿ.ಮೀ. ತೂತನ್ನು, 2016ರ ಐಫೋನ್ 7ರಲ್ಲಿ ಆಪಲ್ ಸೇರಿದಂತೆ, ಒಬ್ಬೊಬ್ಬರೇ ಕಿತ್ತು ಹಾಕಿದಾಗಲೂ ಯಾರೂ ಕೇಳಲಿಲ್ಲ. ಅಂಥ ಫೋನಿನಲ್ಲಿ ಇರುವ ಒಂದೇ ತೂತಿಗೆ ಚಾರ್ಜರ್ ಹಾಕಿದರೆ ವಯರಿನ ಇಯರ್‌ಫೋನ್ ಇಲ್ಲ, ಇಯರ್‌ಫೋನ್ ಹಾಕಿದರೆ ಚಾರ್ಜ್ ಇಲ್ಲ. ಮೂರು ಮಕ್ಕಳು ಒಂದೇ ಕೋಣೆಯಲ್ಲಿ ಓದುವ ಮನೆಯನ್ನು ನೋಡಿದವನು ಈ ನಿರ್ಧಾರ ಮಾಡುತ್ತಿರಲಿಲ್ಲ.

ನಾನು ಕೇಳುವುದು ದೊಡ್ಡದಲ್ಲ. ಶಾಲೆಗೆ ಅಂತ ಸರಕಾರವೋ ಸಂಘವೋ ಟ್ಯಾಬ್ ಖರೀದಿಸುವಾಗ, ಟೆಂಡರಿನಲ್ಲಿ ಮೆಮೊರಿ ಬ್ಯಾಟರಿ ಬರೆಯುವ ಜಾಗದಲ್ಲಿ ಇನ್ನೆರಡು ಸಾಲು ಬರೆಯಲಿ. ಅಡ್ಡ ನಿಲ್ಲಿಸಿದಾಗ ಕ್ಯಾಮರಾ ಮೇಲಿರಬೇಕು. ನಿಲ್ಲಿಸಿದ ಬದಿಯಲ್ಲಿ ತೂತೂ ಇರಬಾರದು, ಬಟನ್ನೂ ಇರಬಾರದು. ಸಾವಿರಗಟ್ಟಲೆ ಕೊಳ್ಳುವವರು ಕೇಳಿದರೆ ಕಂಪೆನಿಗೆ ಕಿವಿ ಕೇಳುತ್ತದೆ. ಆರು ಕೊಳ್ಳುವ ನಾವು ಕೇಳಿದರೆ ಕೇಳದಿರಬಹುದು, ಆದರೆ ಅಂಗಡಿಯಲ್ಲಿ ನಿಂತು ಒರಗಿಸಿ ನೋಡದೆ ದುಡ್ಡು ಕೊಡುವುದಿಲ್ಲ ಅನ್ನುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಸಭೆಯಲ್ಲಿ ಕೊನೆಗೆ ಒಂದು ತೀರ್ಮಾನ ಆಯಿತು, ಆರನ್ನೂ ಒಟ್ಟಿಗೆ ತರುವ ಮೊದಲು ಒಂದನ್ನು ಶಾಲೆಗೆ ತಂದು ಮಕ್ಕಳ ಕೈಗೆ ಒಂದು ವಾರ ಕೊಡುವುದು ಅಂತ. ಹಿರಿಯ ಮಿತ್ರರೂ ಒಪ್ಪಿದರು, ಮುಖ ಸ್ವಲ್ಪ ಸಿಂಡರಿಸಿಕೊಂಡು.

ಆ ಹುಡುಗಿಯ ಮನೆಯಲ್ಲಿ 2021ರಲ್ಲಿ ಫೋನು ರಿಪೇರಿಯಾಗಿ ಬಂದ ಮೇಲೆ ಅವಳ ಅಜ್ಜ ಒಂದು ಕೆಲಸ ಮಾಡಿದ್ದರು. ರಾಮಾಯಣ ಓದುವ ವ್ಯಾಸಪೀಠದ ಅಂದಾಜಿನಲ್ಲಿ, ಹಲಸಿನ ಹಲಗೆಯ ತುಂಡಿನಿಂದ ಒಂದು ಪುಟ್ಟ ಪೀಠ. ಫೋನು ಕೂರುವ ಜಾಗದಲ್ಲಿ ಬುಡಕ್ಕೆ ಒಂದು ತೂತು ಕೊರೆದು ವಯರು ಕೆಳಗಿನಿಂದ ಬರುವ ಹಾಗೆ, ಎರಡೂ ಬದಿಯಲ್ಲಿ ಬಟನ್ನಿಗೆ ತಾಗದ ಹಾಗೆ ಉಳಿಯಲ್ಲಿ ತೋಡಿದ ಕಚ್ಚು. ಮೊಮ್ಮಗಳು ಕೂತು ಬರೆಯುವುದನ್ನು ಎರಡು ದಿನ ನೋಡಿ, ಮೂರನೇ ದಿನ ಮಾಡಿದ್ದಂತೆ. ಟ್ಯಾಬ್ ಪರೀಕ್ಷೆಗೆ ಅದರ ಅಳತೆ ಬೇಕು ಅಂತ ನಿನ್ನೆ ಅವರ ಮನೆಗೆ ಹೋಗಿದ್ದೆ. ಹುಡುಗಿ ಈಗ ನನಗಿಂತ ಎತ್ತರ ಆಗಿದ್ದಾಳೆ, ಈ ಸಲ ಜಗಲಿಗೆ ಅವಳೇ ಪೀಠ ಹಿಡಿದುಕೊಂಡು ಬಂದಳು. ನಿಮಗೂ ತೋರಿಸೋಣ ಅಂತ ಅದರ ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಫೋಟೋ ಇಲ್ಲ, ಕ್ಯಾಮರಾದ ಎರಡು ಸ್ಕ್ರೀನ್‌ಶಾಟ್ ಇದೆ. ಅದರಲ್ಲಿ ಪೀಠದ ಅರ್ಧ ಕಾಣುತ್ತದೆ. ಪೂರ್ತಿ ಚಿತ್ರ ಮುಂದಿನ ವಾರ ಹಾಕುತ್ತೇನೆ.